ಆಟಿಯ ಅಷ್ಟಮಿ, ಸೋಣದ ಅಷ್ಟಮಿ: ಉಡುಪಿಯ ಕೃಷ್ಣ ತಿಂಗಳು ತಡವಾಗಿ ಹುಟ್ಟುವುದೇಕೆ?

ಪ್ರಶ್ನೆ: ನಾವು ಮೈಸೂರು ಕಡೆಯವರು, ಕೆಲಸದ ನಿಮಿತ್ತ ಮಂಗಳೂರಿನಲ್ಲಿದ್ದೇವೆ. 2025ರಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿ ಆಗಸ್ಟ್ 16ಕ್ಕೆ ಕೃಷ್ಣಾಷ್ಟಮಿ ಮಾಡಿದೆವು. ಕೆಳಗಿನ ಮನೆಯ ಹಿರಿಯರು, "ನಮ್ಮ ಅಷ್ಟಮಿ ಚೌತಿ ಕಳೆದ ಮೇಲೆ, ಸೆಪ್ಟೆಂಬರ್ 14ಕ್ಕೆ" ಎಂದರು. ಅಷ್ಟಮಿ ಚೌತಿಗಿಂತ ಮುಂಚೆ ಬರುವುದಲ್ಲವೇ? ಯಾವುದು ಸರಿ? ಇಲ್ಲಿಯ ಕ್ರಮದಲ್ಲಿ ಮನೆಯಲ್ಲಿ ಅರ್ಘ್ಯ ಬಿಡುವುದು ಹೇಗೆ? ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ಮಣ್ಣಿನ ಕೃಷ್ಣನನ್ನು ರಥದಲ್ಲಿ ಕೂರಿಸುತ್ತಾರಂತೆ, ಅದು ಯಾಕೆ? ಕೊನೆಯದಾಗಿ, ನಮ್ಮ ಚಕ್ಕುಲಿ ಪ್ರತಿ ವರ್ಷ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನೀವೂ ಸರಿ, ಕೆಳಗಿನ ಮನೆಯವರೂ ಸರಿ. ನಿಮ್ಮದು ಚಂದ್ರನನ್ನು ನೋಡಿ ತಿಂಗಳು ಎಣಿಸುವ ಚಾಂದ್ರಮಾನ, ಅವರದು ಸೂರ್ಯನನ್ನು ನೋಡಿ ಎಣಿಸುವ ಸೌರಮಾನ. ತುಳುನಾಡಿನಲ್ಲಿ ಹೊಸ ವರ್ಷವೆಂದರೆ ಯುಗಾದಿಯಲ್ಲ, ಏಪ್ರಿಲ್ ನಡುವಿನ ಬಿಸು. ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ. ಸೂರ್ಯ ಕರ್ಕ ರಾಶಿಯಲ್ಲಿದ್ದರೆ ಆಟಿ, ಸಿಂಹಕ್ಕೆ ಬಂದರೆ ಸೋಣ. ಸೋಣ ಸಂಕ್ರಮಣ ಸಾಮಾನ್ಯವಾಗಿ ಆಗಸ್ಟ್ 17ರ ಹೊತ್ತಿಗೆ ಬರುತ್ತದೆ. ಕೃಷ್ಣ ಹುಟ್ಟಿದ್ದು ಸಿಂಹ ಮಾಸದ ಕೃಷ್ಣಪಕ್ಷದ ಅಷ್ಟಮಿಯಂದು ಎಂಬುದು ಉಡುಪಿಯ ಲೆಕ್ಕ. ಶ್ರಾವಣ ಬಹುಳ ಅಷ್ಟಮಿ ಆಗಸ್ಟ್ 17ರ ನಂತರ ಬಂದರೆ ಎರಡು ಲೆಕ್ಕವೂ ಒಂದೇ ದಿನಕ್ಕೆ ಕೂಡುತ್ತವೆ. ಮೊದಲೇ ಬಂದರೆ ಅದು ಆಟಿಯ ಅಷ್ಟಮಿ, ಉಡುಪಿ ಅದನ್ನು ಬಿಟ್ಟು ಮುಂದಿನ ಕೃಷ್ಣಪಕ್ಷಕ್ಕೆ ಕಾಯುತ್ತದೆ.

2025ರಲ್ಲಿ ನಡೆದದ್ದು ಇಷ್ಟೇ. ಆಗಸ್ಟ್ 16 ಎಂದರೆ ಆಟಿಯ ಕೊನೆಯ ದಿನ, ಒಂದೇ ದಿನದಲ್ಲಿ ತಪ್ಪಿತು. ಮುಂದಿನ ಅಷ್ಟಮಿ ಸೆಪ್ಟೆಂಬರ್ 14ಕ್ಕೆ. ನಡುವೆ ಆಗಸ್ಟ್ 27ಕ್ಕೆ ಚೌತಿ ಬಂದು ಹೋಯಿತು. 2017ರಲ್ಲೂ 2020ರಲ್ಲೂ ಹೀಗೇ ಉಡುಪಿಯ ಅಷ್ಟಮಿ ಸೆಪ್ಟೆಂಬರ್‌ಗೆ ಹೋಗಿತ್ತು. ಉಳಿದ ವರ್ಷಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ, ಹಾಗಾಗಿ ಹೊರಗಿನಿಂದ ಬಂದವರಿಗೆ ನಾಲ್ಕೈದು ವರ್ಷ ಇದು ಗೊತ್ತೇ ಆಗದೆ ಇದ್ದಕ್ಕಿದ್ದಂತೆ ಒಂದು ವರ್ಷ ಗೊಂದಲವಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಚಾಂದ್ರಮಾನದ ಅಷ್ಟಮಿಯೇ ಸೆಪ್ಟೆಂಬರ್ 4ಕ್ಕೆ ಸರಿಯುತ್ತದೆ, ಅದು ಸೋಣದ ನಡುವೆಯೇ ಇರುವುದರಿಂದ ಇಬ್ಬರಿಗೂ ಒಂದೇ ಹಬ್ಬ. ಮತ್ತೆ ಬೇರೆಯಾಗುವುದು 2028ರಲ್ಲಿ, ಆಗ ಶ್ರಾವಣದ ಅಷ್ಟಮಿ ಆಗಸ್ಟ್ 13ಕ್ಕೇ ಬರುತ್ತದೆ.

ಸೂರ್ಯನ ತಿಂಗಳೇ ಯಾಕೆ ಬೇಕು ಎನ್ನುವುದಕ್ಕೆ ಉತ್ತರ ರೋಹಿಣಿ ನಕ್ಷತ್ರದಲ್ಲಿದೆ. ಕೃಷ್ಣ ಹುಟ್ಟಿದಾಗ ಅಷ್ಟಮಿ, ನಡುರಾತ್ರಿ, ರೋಹಿಣಿ, ಮೂರೂ ಕೂಡಿದ್ದವು ಎಂಬುದು ನಂಬಿಕೆ. ಮಧ್ವಾಚಾರ್ಯರು ಈ ಒಂದು ವ್ರತಕ್ಕೆಂದೇ 'ಜಯಂತೀ ನಿರ್ಣಯ' ಎಂಬ ಪುಟ್ಟ ಕೃತಿ ಬರೆದಿದ್ದಾರೆ. ನಡುರಾತ್ರಿಯ ಕೃಷ್ಣಾಷ್ಟಮಿಗೆ ರೋಹಿಣಿ ಕೂಡಿದರೆ ಅದಕ್ಕೆ 'ಜಯಂತಿ' ಎಂದು ಹೆಸರು. ಉಡುಪಿಯ ಮಠಗಳ ಆಮಂತ್ರಣದಲ್ಲಿ 'ಶ್ರೀಕೃಷ್ಣ ಜಯಂತಿ' ಎಂದು ಅಚ್ಚಾಗುವುದು ಈ ಕಾರಣಕ್ಕೆ.

ಈಗ ಬೆರಳು ಮಡಿಚಿ ಎಣಿಸಿ. ಕೃಷ್ಣಪಕ್ಷದ ಅಷ್ಟಮಿಯಂದು ಚಂದ್ರ ಸೂರ್ಯನಿಗಿಂತ ಸುಮಾರು ಮೂರು ರಾಶಿ ಹಿಂದಿರುತ್ತಾನೆ. ಸೂರ್ಯ ಸಿಂಹದಲ್ಲಿದ್ದರೆ ಹಿಂದಕ್ಕೆ ಕರ್ಕ, ಮಿಥುನ, ವೃಷಭ. ಅಂದರೆ ಚಂದ್ರ ವೃಷಭದ ಆಸುಪಾಸಿನಲ್ಲಿ, ವೃಷಭದ ನಟ್ಟನಡುವೆ ಇರುವ ನಕ್ಷತ್ರವೇ ರೋಹಿಣಿ. ಅದೇ ಸೂರ್ಯ ಕರ್ಕದಲ್ಲಿದ್ದರೆ ಚಂದ್ರ ಮೇಷದ ಆಸುಪಾಸಿನಲ್ಲಿ ಉಳಿಯುತ್ತಾನೆ, ಅಲ್ಲಿರುವುದು ಅಶ್ವಿನಿ, ಭರಣಿ, ಕೃತ್ತಿಕೆ. ಆಟಿಯ ಕೊನೆಯ ಗಳಿಗೆಯವರೆಗೆ ಎಳೆದರೂ ಅಷ್ಟಮಿ ಮುಗಿಯುವಾಗ ಚಂದ್ರ ವೃಷಭದ 6ನೇ ಅಂಶ ದಾಟುವುದಿಲ್ಲ, ರೋಹಿಣಿ ಶುರುವಾಗುವುದು 10ನೇ ಅಂಶದಲ್ಲಿ. ಆಟಿಯ ಅಷ್ಟಮಿಗೆ ರೋಹಿಣಿ ಸಿಗುವುದು ಲೆಕ್ಕದಲ್ಲೇ ಇಲ್ಲ. ಇದನ್ನು ಬರೀ ಊರಿನ ಹಠ ಎಂದುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಸೋಣದ ಮೊದಲ ಮೂರ್ನಾಲ್ಕು ದಿನಗಳಲ್ಲಿ ಅಷ್ಟಮಿ ಬಿದ್ದಾಗ ಕೃತ್ತಿಕೆಯೇ ಇರುವುದೂ ಉಂಟು, ಅಂಥ ವರ್ಷ ಮಾತ್ರ ನೀವೇ ಲೆಕ್ಕ ಹಾಕಲು ಹೋಗದೆ ಮಠದ ಪಂಚಾಂಗ ನೋಡುವುದು ಲೇಸು.

ಹಾಗಾದರೆ ನಿಮ್ಮ ಮನೆಯಲ್ಲಿ ಯಾವತ್ತು? ನಿಮ್ಮ ಹಿರಿಯರು ಯಾವ ಪಂಚಾಂಗ ಹಿಡಿದಿದ್ದರೋ ಅದನ್ನೇ. ಊರು ಬದಲಾದರೆ ಮನೆಯ ಮಾನ ಬದಲಾಗಬೇಕಿಲ್ಲ. ಮಂಗಳೂರಿನ ಕೊಂಕಣಿ ಸಾರಸ್ವತರು ತಲೆಮಾರುಗಳಿಂದ ಇಲ್ಲೇ ಇದ್ದರೂ ಚಾಂದ್ರಮಾನದ ಗೋಕುಲಾಷ್ಟಮಿಯನ್ನೇ ಆಚರಿಸುತ್ತಾರೆ, ಪಕ್ಕದ ತುಳು ಮನೆಯವರು ಸೌರದ್ದು. ತಡವಾಗುವ ವರ್ಷಗಳಲ್ಲಿ ಮಂಗಳೂರಿನಲ್ಲಿ ಮೊಸರು ಕುಡಿಕೆಯೂ ಎರಡು ಸಲ ಆಗುತ್ತದೆ. ತಪ್ಪೇನಿದ್ದರೂ ಎರಡನ್ನೂ ಕಲಸುವುದರಲ್ಲಿ. ಆಗಸ್ಟ್‌ನಲ್ಲಿ ಉಪವಾಸ, ಸೆಪ್ಟೆಂಬರ್‌ನಲ್ಲಿ ಅರ್ಘ್ಯ ಎಂದು ವ್ರತವನ್ನು ಎರಡು ತುಂಡು ಮಾಡಬಾರದು. ಮನೆಯಲ್ಲಿ ಆಗಸ್ಟ್‌ಗೆ ಮುಗಿಸಿ, ಸೆಪ್ಟೆಂಬರ್‌ನಲ್ಲಿ ಉಡುಪಿಗೆ ಹೋಗಿ ಉತ್ಸವ ನೋಡಿ ಬನ್ನಿ, ಅದಕ್ಕೆ ಅಡ್ಡಿಯಿಲ್ಲ. ತಡವಾದ ವರ್ಷ ಚಾಂದ್ರಮಾನದ ಪ್ರಕಾರ ಆ ದಿನ ಪಿತೃಪಕ್ಷದೊಳಗೆ ಬೀಳುತ್ತದೆ, 'ಪಕ್ಷದಲ್ಲಿ ಹಬ್ಬವೇ' ಎಂದು ಮೈಸೂರು ಕಡೆಯವರು ಹುಬ್ಬೇರಿಸುವುದು ಸಹಜ. ಇಲ್ಲಿ ಅದನ್ನು ಸೋಣ ತಿಂಗಳ ಹಬ್ಬವೆಂದೇ ಎಣಿಸುವುದರಿಂದ ಉತ್ಸವ ನಿಲ್ಲುವುದಿಲ್ಲ.

ಇನ್ನು ಅರ್ಘ್ಯ. ಇದು ಈ ಹಬ್ಬದ ಜೀವಾಳ, ಆದರೆ ಹೆಚ್ಚಿನ ಮನೆಗಳಲ್ಲಿ ಅವಸರದಲ್ಲಿ ಮುಗಿದುಹೋಗುವುದೂ ಇದೇ. ಅರ್ಘ್ಯ ಎರಡು, ಮೊದಲು ಕೃಷ್ಣನಿಗೆ, ಆಮೇಲೆ ಚಂದ್ರನಿಗೆ. ಚಂದ್ರನಿಗೆ ಯಾಕೆಂದರೆ ಕೃಷ್ಣ ಚಂದ್ರವಂಶದವನು. ಚಂದ್ರನ ಮಗ ಬುಧ, ಅವನ ಮಗ ಪುರೂರವ, ಆ ಸಾಲಿನಲ್ಲಿ ಆಯು, ನಹುಷ, ಯಯಾತಿ, ಯಯಾತಿಯ ಮಗ ಯದು, ಯದುವಿನ ಕುಲದಲ್ಲಿ ಕೃಷ್ಣ. ಕಂಸನ ಸೆರೆಮನೆಯಲ್ಲಿ ಮಗು ಹುಟ್ಟಿದ ಹೊತ್ತಿಗೆ ಸರಿಯಾಗಿ ಮೂಡಿದವನು ಕುಲದ ಮೂಲಪುರುಷ. ದಕ್ಷನ 27 ಹೆಣ್ಣುಮಕ್ಕಳನ್ನು ಮದುವೆಯಾದರೂ ಅವನಿಗೆ ಪ್ರೀತಿ ಇದ್ದದ್ದು ರೋಹಿಣಿಯ ಮೇಲೆ, ಆ ಪಕ್ಷಪಾತಕ್ಕೇ ಮಾವನಿಂದ ಕ್ಷಯದ ಶಾಪ ಪಡೆದ. ಆ ರಾತ್ರಿ ಅವನು ರೋಹಿಣಿಯ ಜತೆಗೇ ಇದ್ದನಾದ್ದರಿಂದ ಅರ್ಘ್ಯದ ಮಂತ್ರವೂ 'ರೋಹಿಣಿಯೊಡನೆ ಇದನ್ನು ಸ್ವೀಕರಿಸು' ಎಂದೇ ಕೇಳಿಕೊಳ್ಳುತ್ತದೆ. ಕೃಷ್ಣನ ಅರ್ಘ್ಯದ ಮಂತ್ರದಲ್ಲಿ ಜತೆಗಿರುವವಳು ಹೆತ್ತ ತಾಯಿ ದೇವಕಿ. ಚೌತಿಯ ಚಂದ್ರನನ್ನು ನೋಡಬಾರದು, ಅಷ್ಟಮಿಯ ಚಂದ್ರನನ್ನು ಕಾದು ನೋಡಬೇಕು. ಚೌತಿಯ ಚಂದ್ರನನ್ನು ನೋಡಿ ಶ್ಯಮಂತಕ ಮಣಿಯ ಕಳ್ಳತನದ ಅಪವಾದ ಹೊತ್ತವನೂ ಇದೇ ಕೃಷ್ಣ.

ಸಮಯದ ವಿಷಯಕ್ಕೆ ಬರೋಣ. ಅರ್ಘ್ಯ ಗಡಿಯಾರದ ಹನ್ನೆರಡಕ್ಕಲ್ಲ, ಚಂದ್ರೋದಯಕ್ಕೆ. ಕರಾವಳಿಯಲ್ಲಿ ಅದು ಹೆಚ್ಚಾಗಿ ಹನ್ನೆರಡರ ಆಸುಪಾಸಿನಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಅಚ್ಚಾದ ಪಂಚಾಂಗದ ಹೊತ್ತನ್ನೇ ಹಿಡಿದರೆ ಮಂಗಳೂರಿನಲ್ಲಿ ಚಂದ್ರ ಮೂಡುವುದಕ್ಕೆ ಸುಮಾರು 11 ನಿಮಿಷ ಮೊದಲೇ ಅರ್ಘ್ಯ ಬಿಟ್ಟ ಹಾಗಾಗುತ್ತದೆ, ಮೈಸೂರಿನ ಸಮಯವಾದರೆ ಏಳು ನಿಮಿಷದಷ್ಟು. ಪಶ್ಚಿಮಕ್ಕೆ ಬಂದಷ್ಟೂ ಉದಯ ತಡ. ಮೊಬೈಲ್ ಆ್ಯಪ್‌ನಲ್ಲಿ ಇನ್ನೊಂದು ಎಡವಟ್ಟು ಇದೆ. ಚಂದ್ರ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ ಮೂಡುವುದರಿಂದ, ಹಿಂದಿನ ರಾತ್ರಿ ಹನ್ನೊಂದೂಕಾಲಕ್ಕೆ ಮೂಡಿದವನು ಅಷ್ಟಮಿಯ ರಾತ್ರಿ ಹನ್ನೆರಡು ದಾಟಿದ ಮೇಲೆ ಮೂಡಬಹುದು. ಆಗ ಹಬ್ಬದ ತಾರೀಖಿಗೆ 'ಚಂದ್ರೋದಯ ಇಲ್ಲ' ಎಂದೇ ಆ್ಯಪ್ ತೋರಿಸುತ್ತದೆ. ಗಾಬರಿಯಾಗಬೇಡಿ, ಮರುದಿನದ ತಾರೀಖಿನ ಪುಟ ತೆರೆಯಿರಿ, ಊರಿನ ಜಾಗದಲ್ಲಿ ಉಡುಪಿ ಅಥವಾ ಮಂಗಳೂರು ಇದೆಯೇ ಎಂದು ನೋಡಿಕೊಳ್ಳಿ. ಮಳೆಗಾಲವಾದ್ದರಿಂದ ಚಂದ್ರ ಕಣ್ಣಿಗೆ ಬೀಳುವುದು ಅಪರೂಪ. ಮೋಡ ಕವಿದಿದ್ದರೆ ಹೊತ್ತು ನೋಡಿ ಪೂರ್ವಕ್ಕೆ ಮುಖ ಮಾಡಿ ಬಿಟ್ಟರಾಯಿತು. ಸಮುದ್ರದ ಕಡೆಗೆ ತೆರೆದ ಬಾಲ್ಕನಿಯ ಫ್ಲ್ಯಾಟ್‌ಗಳಲ್ಲಿ ಚಂದ್ರ ಹೇಗೂ ಕಾಣುವುದಿಲ್ಲ, ತುಳಸಿ ಕುಂಡದ ಪಶ್ಚಿಮಕ್ಕೆ ನಿಂತು ಪೂರ್ವಕ್ಕೆ ತಿರುಗಿದರೆ ಸಾಕು.

ಕ್ರಮ ಹೀಗೆ. ರಾತ್ರಿ ಹತ್ತೂವರೆಯ ಹೊತ್ತಿಗೆ ಸ್ನಾನ ಮುಗಿಸಿ, ಒಗೆದ ಬಟ್ಟೆ ಉಟ್ಟು, ಸಂಕಲ್ಪ ಮಾಡಿ. ಕೃಷ್ಣನ ವಿಗ್ರಹಕ್ಕೋ ಪಟಕ್ಕೋ ಪೂಜೆ, ಜತೆಗೆ ದೇವಕಿ, ವಸುದೇವ, ಯಶೋದೆ, ನಂದಗೋಪ, ಬಲರಾಮರನ್ನೂ ನೆನೆಯಬೇಕು. ತುಳಸಿ ಧಾರಾಳವಾಗಿರಲಿ, ಮಠದಲ್ಲಿ ಆ ದಿನ ಲಕ್ಷ ತುಳಸಿಯ ಅರ್ಚನೆ ನಡೆಯುತ್ತದೆ, ಮನೆಗೆ ನೂರೆಂಟು ದಳ ಸಾಕು. ತುಳಸಿಯನ್ನು ಸೂರ್ಯಾಸ್ತದ ಮೊದಲೇ ಕೊಯ್ದಿಡಿ, ಕತ್ತಲಾದ ಮೇಲೆ ಕೊಯ್ಯುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಇದು ನೆನಪಾಗಿ ಪರದಾಡುವವರೇ ಹೆಚ್ಚು. ಉಂಡೆ, ಚಕ್ಕುಲಿ, ಅವಲಕ್ಕಿ, ಹಾಲು, ಬೆಣ್ಣೆ ನೈವೇದ್ಯವಾದ ಮೇಲೆ ಅರ್ಘ್ಯ. ಪೂಜೆಯ ಶಂಖದಲ್ಲಿ ನೀರು ತುಂಬಿ ಗಂಧ, ಹೂ, ಒಂದು ಸಣ್ಣ ಹಣ್ಣು ಸೇರಿಸಿ, ಮೊಣಕಾಲೂರಿ, ಕೃಷ್ಣನಿಗೆ ಒಂದು ತಟ್ಟೆಯಲ್ಲಿ ಬಿಡಿ. ಆಮೇಲೆ ಹೊರಗೆ ಬಂದು ಚಂದ್ರನಿಗೆ. ಶಂಖವನ್ನು ನೀರಿನಲ್ಲಿ ಅದ್ದಿ ತುಂಬಿಸಬಾರದು, ಉದ್ಧರಣೆಯಿಂದ ಹಾಕಬೇಕು. ಊದುವ ಶಂಖ ಇದಕ್ಕೆ ಆಗುವುದಿಲ್ಲ, ಅದರ ತುದಿ ಕತ್ತರಿಸಿರುವುದರಿಂದ ಮಂತ್ರ ಮುಗಿಯುವುದರೊಳಗೆ ನೀರು ಸೋರಿಹೋಗಿರುತ್ತದೆ. ಶಂಖವಿಲ್ಲದಿದ್ದರೆ ಬೊಗಸೆಯಲ್ಲಿ ಬಿಟ್ಟರೂ ನಡೆಯುತ್ತದೆ. ಹಾಲು ಸೇರಿಸುವ ಮನೆಗಳಲ್ಲಿ ಹಾಲನ್ನು ತಾಮ್ರದ ತಂಬಿಗೆಯಲ್ಲಿ ಇಡುವುದಿಲ್ಲ, ಬೆಳ್ಳಿ ಅಥವಾ ಸ್ಟೀಲ್ ಲೋಟ ಇರಲಿ. ತುಳು ಮನೆಗಳಲ್ಲಿ ಹಲವರು ಮಂತ್ರದ ಗೋಜಿಗೆ ಹೋಗದೆ ತುಳಸಿಕಟ್ಟೆಯ ಎದುರು ಬಿಲ್ವಪತ್ರೆ ಹಾಕಿ ಹಾಲು, ನೀರು ಎರೆದು ಕೈಮುಗಿಯುತ್ತಾರೆ. ಶಿವನ ಪತ್ರೆ ಕೃಷ್ಣನ ರಾತ್ರಿಗೆ ಯಾಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಕೃಷ್ಣನ ಜತೆಗೆ ಅನಂತೇಶ್ವರ, ಚಂದ್ರಮೌಳೀಶ್ವರರ ಶಿವಾಲಯಗಳೂ ಇರುವ ಊರಿನಲ್ಲಿ ಅದೊಂದು ಪ್ರಶ್ನೆಯೇ ಅಲ್ಲ.

ಉಪವಾಸ ಮಾಧ್ವರಲ್ಲಿ ಏಕಾದಶಿಯಷ್ಟೇ ಕಟ್ಟುನಿಟ್ಟು. ಅರ್ಘ್ಯದ ನಂತರವೂ ಊಟವಿಲ್ಲ, ಮರುದಿನ ಬೆಳಗ್ಗೆ ಪೂಜೆ ಮುಗಿದ ಮೇಲೆ ಪಾರಣೆ. ಬೇರೆ ಮನೆಗಳಲ್ಲಿ ಹಗಲು ಹಾಲು, ಹಣ್ಣು, ಅವಲಕ್ಕಿ ತೆಗೆದುಕೊಂಡು, ಅರ್ಘ್ಯದ ನಂತರ ಪ್ರಸಾದ ತಿನ್ನುವುದುಂಟು. ಮಕ್ಕಳು, ಬಸುರಿಯರು, ಹೊತ್ತು ಹೊತ್ತಿಗೆ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡಬೇಕಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ನಡುರಾತ್ರಿಯವರೆಗೆ ಬರೀ ಹೊಟ್ಟೆಯಲ್ಲಿ ಕೂರುವುದು ಅಪಾಯ, ವೈದ್ಯರನ್ನು ಕೇಳದೆ ಆ ಸಾಹಸ ಬೇಡ.

ಚಕ್ಕುಲಿಯ ವಿಷಯಕ್ಕೆ ಬಂದರೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದಕ್ಕೆ ಹತ್ತರಲ್ಲಿ ಎಂಟು ಸಲ ಜಿಡ್ಡು ಹೆಚ್ಚಾದದ್ದೇ ಕಾರಣ. ಬೆಣ್ಣೆಯನ್ನೂ ಹಾಕಿ, ಮೇಲಿಂದ ಕಾಸಿದ ಎಣ್ಣೆಯನ್ನೂ ಸುರಿಯುವ ಅಭ್ಯಾಸ ನಿಮ್ಮಲ್ಲಿದ್ದರೆ ಎರಡರಲ್ಲಿ ಒಂದನ್ನು ಬಿಡಿ. ಇಲ್ಲಿಯ ಅಳತೆ ಇದು. ಬೆಳ್ತಿಗೆ ಅಕ್ಕಿಯನ್ನು (ಕುದಿಸದ ಬಿಳಿ ಅಕ್ಕಿ) ತೊಳೆದು, ನೀರು ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಎರಡು ಗಂಟೆ ಹರಡಿ ಪುಡಿ ಮಾಡಿಸಬೇಕು. ಆ ಹಿಟ್ಟು 4 ಲೋಟ. ಉದ್ದಿನಬೇಳೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬಂದು ನಸುಗೆಂಪಾಗುವವರೆಗೆ, ಎಂಟು ಹತ್ತು ನಿಮಿಷ ಹುರಿದು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಹಿಟ್ಟು 1 ಲೋಟ. ಬೆಣ್ಣೆ 50 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ಜೀರಿಗೆ 2 ಚಮಚ, ಎಳ್ಳು 2 ಚಮಚ, ಸ್ವಲ್ಪ ಇಂಗಿನ ನೀರು. ಉಪ್ಪು ಚಹಾ ಚಮಚದಲ್ಲಿ ತಲೆ ಸವರಿ 2. ಉಪ್ಪನ್ನು ಅಳೆದೇ ಹಾಕಿ, ಯಾಕೆಂದರೆ ನೈವೇದ್ಯಕ್ಕೆ ಮೊದಲು ನಾಲಿಗೆಗೆ ಇಟ್ಟು ನೋಡುವಂತಿಲ್ಲ. ವರ್ಷದ ಚಕ್ಕುಲಿ ಸಪ್ಪೆಯಾಗುವುದೂ ಉಪ್ಪಾಗುವುದೂ ಅಂದಾಜಿನ ಕೈಯಿಂದಲೇ.

ಮೊದಲು ಬೆಣ್ಣೆಯನ್ನು ಒಣ ಹಿಟ್ಟಿಗೆ ಚೆನ್ನಾಗಿ ಉಜ್ಜಬೇಕು. ಹಿಡಿಯಲ್ಲಿ ಹಿಚುಕಿದರೆ ಮುದ್ದೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಹಿಚುಕಿದ್ದು ಉದುರದೆ ಅಂಟಿಕೊಂಡೇ ಇದ್ದರೆ ಜಿಡ್ಡು ಹೆಚ್ಚಾಗಿದೆ, ಅಕ್ಕಿ ಹಿಟ್ಟು ಸೇರಿಸಿ ಸರಿಮಾಡಿ. ನೀರು ಒಟ್ಟು ಎರಡು ಲೋಟದಷ್ಟು ಹಿಡಿಯುತ್ತದೆ, ಆದರೆ ಹಿಟ್ಟನ್ನೆಲ್ಲ ಒಮ್ಮೆಗೇ ಕಲಸಬೇಡಿ. ಮೂರು ಪಾಲು ಮಾಡಿ ಒಂದೊಂದಾಗಿ ಕಲಸಿ, ಉಳಿದದ್ದು ಒಣಗಿಯೇ ಇರಲಿ. ಕಲಸಿಟ್ಟ ಹಿಟ್ಟು ಒಣಗಿದರೆ ಒತ್ತುವಾಗ ಎಳೆ ಅಲ್ಲಲ್ಲಿ ತುಂಡಾಗುತ್ತದೆ, ಇದು ಬಿಚ್ಚಿಕೊಳ್ಳುವುದಕ್ಕೆ ಎರಡನೆಯ ಕಾರಣ. ಒತ್ತಿ ಮುಗಿದಾಗ ಸುರುಳಿಯ ಕೊನೆಯನ್ನು ಒಳಗಿನ ಸುತ್ತಿಗೆ ಒತ್ತಿ ಅಂಟಿಸಿ. ಮೂರನೆಯ ಕಾರಣ ತಣ್ಣಗಿನ ಎಣ್ಣೆ. ಚಿಟಿಕೆ ಹಿಟ್ಟು ಹಾಕಿದರೆ ಎರಡು ಮೂರು ಎಣಿಸುವಷ್ಟರಲ್ಲಿ ಮೇಲೆ ಬರಬೇಕು. ತಳದಲ್ಲೇ ಕುಳಿತರೆ ಎಣ್ಣೆ ಇನ್ನೂ ಕಾಯಬೇಕು, ಹಾಕಿದೊಡನೆ ಕೆಂಪಾದರೆ ಉರಿ ತಗ್ಗಿಸಬೇಕು. ಹೆಚ್ಚು ಕಾದ ಎಣ್ಣೆಯಲ್ಲಿ ಹೊರಗೆ ಬಣ್ಣ ಬಂದು ಒಳಗೆ ಹಸಿ ಉಳಿಯುತ್ತದೆ, ಅಂಥದ್ದು ಮರುದಿನಕ್ಕೆ ಮೆತ್ತಗಾಗುತ್ತದೆ. ಬಾಣಲೆಗೆ ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಎಣ್ಣೆಯ ಗುಳ್ಳೆ ಪೂರ್ತಿ ಅಡಗಿದಾಗ ತೆಗೆಯಿರಿ, ಗುಳ್ಳೆ ಇದೆಯೆಂದರೆ ಒಳಗೆ ನೀರಿದೆಯೆಂದೇ ಅರ್ಥ. ಸೋಣದ ಹವೆಯಲ್ಲಿ ಸಂಪೂರ್ಣ ಆರಿದ ಮೇಲೆ ಡಬ್ಬಿ ಮುಚ್ಚಬೇಕು, ಆದರೆ ರಾತ್ರಿಯಿಡೀ ತೆರೆದಿಟ್ಟರೂ ಕೆಟ್ಟಿತು.

ಉಂಡೆಗಳಲ್ಲಿ ಎಳ್ಳುಂಡೆ, ನೆಲಗಡಲೆ ಉಂಡೆ, ಶುಂಠಿ ಉಂಡೆ ಸಾಮಾನ್ಯ. ಎಳ್ಳು 1 ಲೋಟಕ್ಕೆ ಪುಡಿ ಬೆಲ್ಲ ಮುಕ್ಕಾಲು ಲೋಟ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಉರುಳಿಸಿ ತಟ್ಟೆಗೆ ಹಾಕಿದರೆ ಟಣ್ ಎನ್ನಬೇಕು. ಅದಕ್ಕಿಂತ ಮೊದಲೇ ಇಳಿಸಿದರೆ ಉಂಡೆ ಕೈಗಂಟುತ್ತದೆ. ಕಟ್ಟುವಾಗ ಗಟ್ಟಿಯಾಗಿಬಿಟ್ಟರೆ ಬಾಣಲೆಯನ್ನು ಸಣ್ಣ ಉರಿಯ ಮೇಲೆ ಅರೆ ನಿಮಿಷ ಇಡಿ, ನೀರು ಚಿಮುಕಿಸಬೇಡಿ.

ತುಳು ಮನೆಗಳ ಅಷ್ಟಮಿಗೆ ಮೂಡೆ (ಓಲೆಯ ಕೊಳವೆಯಲ್ಲಿ ಬೇಯಿಸಿದ ಇಡ್ಲಿ) ಇಲ್ಲದಿದ್ದರೆ ಹಬ್ಬವೇ ಅಲ್ಲ. ಕೇದಗೆ ಜಾತಿಯ ಮುಂಡೇವಿನ ಓಲೆಯ ಅಂಚಿನ ಮುಳ್ಳು, ನಡುವಿನ ದಂಟು ಸೀಳಿ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯಂತೆ ಸುತ್ತಿ ತೆಂಗಿನ ಗರಿಯ ಕಡ್ಡಿ ಚುಚ್ಚುತ್ತಾರೆ. ಅಷ್ಟಮಿಯ ಹಿಂದಿನ ಎರಡು ಮೂರು ದಿನ ಪೇಟೆಯಲ್ಲಿ ಸುತ್ತಿದ ಮೂಡೆಯೇ ಸಿಗುತ್ತದೆ. ತಂದ ಮೇಲೆ ಒಂದೊಂದಕ್ಕೂ ನೀರು ಹಾಕಿ ತಳ ಸೋರುತ್ತದೆಯೇ ನೋಡಿ. ಉದ್ದು 1 ಲೋಟ, ಬೆಳ್ತಿಗೆ ಅಕ್ಕಿ 2 ಲೋಟ. ಉದ್ದನ್ನು ನುಣ್ಣಗೆ, ಅಕ್ಕಿಯನ್ನು ತರಿಯಾಗಿ ರುಬ್ಬಿ ರಾತ್ರಿ ಹುದುಗಿಸಿದ ದಪ್ಪ ಹಿಟ್ಟು. ಮುಕ್ಕಾಲು ಭಾಗ ಮಾತ್ರ ತುಂಬಿಸಿ ತೊಂದೂರಿನಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆ) ನಿಲ್ಲಿಸಿ 40 ನಿಮಿಷ ಬೇಯಿಸಬೇಕು. ಇಡ್ಲಿಯ ಹದಿನೈದು ನಿಮಿಷದ ಲೆಕ್ಕದಲ್ಲಿ ಇಳಿಸಿದರೆ ನಡುವೆ ಹಸಿ ಹಿಟ್ಟು ಸಿಗುತ್ತದೆ. ಮುಂಡೇವು ಸಿಗದಿದ್ದರೆ ಹಲಸಿನ ನಾಲ್ಕು ಎಲೆ ಸೇರಿಸಿ ಕೊಟ್ಟೆ ಕಟ್ಟಿ, ರುಚಿ ಬೇರೆ, ಆದರೆ ಕೆಲಸ ಸುಲಭ.

ಮಣ್ಣಿನ ಕೃಷ್ಣನ ಪ್ರಶ್ನೆಗೆ ಉತ್ತರಿಸಲು ಗರ್ಭಗುಡಿಯ ಕೃಷ್ಣನಿಂದ ಶುರುಮಾಡಬೇಕು. ಉಡುಪಿಯ ಮೂಲಮೂರ್ತಿ ಕೈಯಲ್ಲಿ ಕಡಗೋಲು, ಹಗ್ಗ ಹಿಡಿದ ಬಾಲಕ. ರುಕ್ಮಿಣಿಗಾಗಿ ವಿಶ್ವಕರ್ಮ ಕಡೆದದ್ದು, ದ್ವಾರಕೆ ಮುಳುಗಿದಾಗ ಗೋಪೀಚಂದನದ ಮಣ್ಣಿನಲ್ಲಿ ಹೂತುಹೋಯಿತು, ಹಡಗಿನವರು ಆ ಮಣ್ಣಿನ ಹೆಂಟೆಗಳನ್ನು ಭಾರಕ್ಕೆಂದು ಹೇರಿಕೊಂಡರು ಎಂದು ಐತಿಹ್ಯ. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕ ಆ ಹಡಗನ್ನು ದಡದಲ್ಲಿದ್ದ ಮಧ್ವರು ತಮ್ಮ ವಸ್ತ್ರ ಬೀಸಿ ಕರೆತಂದರು, ಪ್ರತಿಯಾಗಿ ಗೋಪೀಚಂದನವನ್ನಷ್ಟೇ ಕೇಳಿ ಪಡೆದರು. ಒಂದು ಹೆಂಟೆಯಲ್ಲಿ ಸಿಕ್ಕ ಬಲರಾಮ ವಡಭಾಂಡೇಶ್ವರದಲ್ಲಿ ಉಳಿದ, ಇನ್ನೊಂದರ ಕೃಷ್ಣ ಉಡುಪಿಗೆ ಬಂದ. ಮಧ್ವರ ಕಾಲ 13ನೇ ಶತಮಾನ. ಆ ಮೂರ್ತಿಯನ್ನು ಮುಟ್ಟಿ ಪೂಜಿಸುವ ಅಧಿಕಾರ ಅಷ್ಟಮಠಗಳ ಯತಿಗಳಿಗೆ ಮಾತ್ರ, ಅದು ಜಾಗ ಬಿಟ್ಟು ಕದಲುವುದೂ ಇಲ್ಲ. ಬೇರೆ ದಿನಗಳ ರಥೋತ್ಸವಕ್ಕೆ ಉತ್ಸವಮೂರ್ತಿ ಇದೆ. ವಿಟ್ಲಪಿಂಡಿಗೆ ಮಾತ್ರ ಹೊಸದಾಗಿ ಮಣ್ಣಿನಲ್ಲಿ ಮಾಡಿ ಬಣ್ಣ ಹಾಕಿದ ಕೃಷ್ಣ. ನಿನ್ನೆ ರಾತ್ರಿ ಹುಟ್ಟಿದವನು, ಇವತ್ತು ಬೀದಿಯಲ್ಲಿ ಆಡುವವನು, ಆಟ ಮುಗಿದ ಮೇಲೆ ಮಧ್ವಸರೋವರದಲ್ಲಿ ಜಲಸ್ತಂಭನವಾಗುವವನು, ಅಂದರೆ ವಿಸರ್ಜನೆಯಾಗುವವನು. ಮನೆಯಲ್ಲಿ ಇದನ್ನು ಅನುಕರಿಸಬೇಕಿಲ್ಲ.

ವಿಟ್ಲ ಎಂದರೆ ವಿಠಲ, ಪಿಂಡಿ ಎಂದರೆ ಕಟ್ಟು. ಮಠದ ಭಾಷೆಯಲ್ಲಿ ಇದು ಶ್ರೀಕೃಷ್ಣ ಲೀಲೋತ್ಸವ. ಅಷ್ಟಮಿಯ ಮರುದಿನ ಮಧ್ಯಾಹ್ನ ಮೂರರ ನಂತರ ರಥಬೀದಿಯಲ್ಲಿ ಚಿನ್ನದ ರಥ ಹೊರಡುತ್ತದೆ. ದಾರಿಯುದ್ದಕ್ಕೂ ನೆಟ್ಟ ಮರದ ಚೌಕಟ್ಟುಗಳಿಗೆ ಗುರ್ಜಿ ಎಂದು ಹೆಸರು, ಅವುಗಳಿಂದ ಮಣ್ಣಿನ ಕುಡಿಕೆಗಳು ತೂಗಾಡುತ್ತವೆ. ಒಳಗೆ ಹಾಲು, ಮೊಸರು, ಬಣ್ಣದ ನೀರು, ಅರಳು. ರಥ ಗುರ್ಜಿಯ ಹತ್ತಿರ ಬಂದಾಗ ಗೊಲ್ಲರ ವೇಷದವರು ಉದ್ದ ಕೋಲಿನಿಂದ ಅವನ್ನು ಒಡೆಯುತ್ತಾರೆ. ಮುಂಬಯಿಯ ಹಾಗೆ ಮನುಷ್ಯರ ಗೋಪುರ ಇಲ್ಲಿ ಮುಖ್ಯವಲ್ಲ, ರಥ ಬರುವ ಹೊತ್ತಿಗೆ ಗೊಲ್ಲರ ಕೋಲು ತಾಗಿ ಕುಡಿಕೆ ಒಡೆಯುವುದೇ ಮುಖ್ಯ. ಮಂಗಳೂರಿನ ಕದ್ರಿ, ಅತ್ತಾವರದಂಥ ಕಡೆ ನಡೆಯುವ ಮೊಸರು ಕುಡಿಕೆಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಹತ್ತುವುದನ್ನು ನೋಡಬಹುದು. ಹಿಂದಿನ ರಾತ್ರಿ ನೈವೇದ್ಯವಾದ ಉಂಡೆ, ಚಕ್ಕುಲಿ ಜನರ ಕೈಸೇರುವುದೂ ಈ ದಿನವೇ. ಹೋಗುವುದಾದರೆ ಒಂದು ಗಂಟೆಯೊಳಗೆ ರಥಬೀದಿ ಸೇರಿ, ಗುರ್ಜಿಯ ನೇರ ಕೆಳಗೆ ಮಾತ್ರ ನಿಲ್ಲಬೇಡಿ, ಬಟ್ಟೆಗೆ ಮೊಸರು, ತಲೆಗೆ ಮಡಕೆಯ ಚೂರು ಖಂಡಿತ.

ಅಲ್ಲಿ ತಾಸೆ ಎಂಬ ಚರ್ಮವಾದ್ಯದ ಸದ್ದು ಕೇಳಿಸಿದರೆ ಹುಲಿವೇಷ ಬಂತೆಂದು ತಿಳಿಯಿರಿ. ಬಣ್ಣ ಬಳಿಯುವ ಮೊದಲು ಊದು ಪೂಜೆ (ಧೂಪದ ಪೂಜೆ) ಮಾಡಿ ಇಳಿದ ತಂಡಗಳು ಅಷ್ಟಮಿಯಿಂದ ವಿಟ್ಲಪಿಂಡಿಯ ಸಂಜೆಯವರೆಗೆ ಬೀದಿಯಲ್ಲಿರುತ್ತವೆ, ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆಸೆಯುವವರೂ ಅವುಗಳಲ್ಲಿರುತ್ತಾರೆ. ಮಂಗಳೂರಿನಲ್ಲಿ ಹುಲಿ ಇಳಿಯುವುದು ನವರಾತ್ರಿಗೆ. ಸಾಮಾನ್ಯ ವರ್ಷಗಳಲ್ಲಿ ಈ ಎರಡರ ನಡುವೆ ತಿಂಗಳೇ ಇರುತ್ತದೆ. ಅಷ್ಟಮಿ ತಡವಾದ 2025ರಲ್ಲಿ ಉಡುಪಿಯ ವಿಟ್ಲಪಿಂಡಿ ಸೆಪ್ಟೆಂಬರ್ 15ಕ್ಕೆ, ನವರಾತ್ರಿ 22ಕ್ಕೆ, ನಡುವೆ ಸಿಕ್ಕಿದ್ದು ಒಂದೇ ವಾರ.